ಬೋಳಾರದಲ್ಲಿ ಸೆಣಬು

ಪತ್ತನಾಜೆ ಕಳೆದ ಮರುದಿನ
ಅರ್ಧ ಕಿಲೋ ಸೆಣಬಿನ ಬೀಜ ಚೆಲ್ಲಿದೆ,
ಕೋಳಿಗೆ ಅಕ್ಕಿ ಎರಚಿದ ಹಾಗೆ.
ಪಕ್ಕದ ಮನೆಯ ಜುವಾಂವ್ ಬೇಲಿಗೆ ಗಲ್ಲ ಆನಿಸಿ ಕೇಳಿದ:
ಇದು ಎಂತ ತರಕಾರಿ, ಲೋಲಾಕ್ಷಿಯಕ್ಕ?
ತರಕಾರಿ ಅಲ್ಲ.
ಹೂವಿಗಾ?
ಹೂವಿಗೂ ಅಲ್ಲ.
ಮತ್ತೆ?
ಮತ್ತೆ ಎಂತ, ಕಡಿಯಲಿಕ್ಕೆ.

ಅವನು ನಕ್ಕ. ಮೂವತ್ತು ವರ್ಷ ಭಟ್ಟಿಗೆ ಸೌದೆ ನೂಕಿದವನು,
ಮಾಡಿದ ಕೆಲಸ ಕಣ್ಣಿಗೆ ಕಾಣಬೇಕು ಅವನಿಗೆ,
ಬೆಂಕಿ ಕಂಡಷ್ಟು.

ನನ್ನ ಜಾಗ ಮೂರು ಸೆಂಟ್ಸು.
ಹಂಚಿನ ಕಾರ್ಖಾನೆ ಮುಚ್ಚಿದಾಗ
ಕೊಡಬೇಕಾದ ಹಣಕ್ಕೆ ಬದಲಾಗಿ ಕೊಟ್ಟದ್ದು.
ಪಿಕ್ಕಾಸು ಇಟ್ಟಲ್ಲೆಲ್ಲ ಠಣ್.
ಒಡೆದ ಹಂಚು, ಬೂದಿ, ಮತ್ತೆ ಹಂಚು,
ಕಂಪೆನಿಯ ಹೆಸರಿನ ಅರ್ಧ ಅಕ್ಷರ ಕಚ್ಚಿಕೊಂಡ ಚೂರು.

ಹೊಳೆಯಾಚೆಯಿಂದ ದೋಣಿಯಲ್ಲಿ ಬರುತ್ತಿತ್ತು ಜೇಡಿ.
ಬೆರಳಿಟ್ಟರೆ ಬೆರಳಿನ ರೇಖೆ ಸಮೇತ ಎತ್ತಿಕೊಳ್ಳುವ ಮೆದು.
ಸಿಂಬೆಯ ಮೇಲೆ ಹಲಗೆ, ಹಲಗೆಯ ಮೇಲೆ ಆರು ಹಸಿ ಹಂಚು,
ಕುತ್ತಿಗೆ ಅಲುಗದಂತೆ ನಡಿಗೆ.
ಭಟ್ಟಿಯಿಂದ ಹೊರಗೆ ಬಂದ ಮೇಲೆ ಅದು ಮಣ್ಣಲ್ಲ.
ನೂರು ಮಳೆಗಾಲ ನೆನೆದರೂ ಇನ್ನು ಮಣ್ಣಾಗುವುದಿಲ್ಲ.
ಯಾರ್ಯಾರ ಗದ್ದೆಯನ್ನೋ ತಲೆಯಲ್ಲಿ ಹೊತ್ತು
ಎಷ್ಟು ಬೆಂಕಿಗೆ ಕೊಟ್ಟೆ ನಾನು;
ಲೆಕ್ಕ ಇಟ್ಟವರು ಪುಸ್ತಕ ಮಡಚಿಕೊಂಡು ಹೋದರು.

ಹೋದ ವರ್ಷ ಬೆಂಡೆ ಹಾಕಿದ್ದೆ: ಕಿರುಬೆರಳಿನಷ್ಟು, ಅದೂ ಡೊಂಕು.
ಹರಿವೆ ಗೇಣು ದಾಟಲಿಲ್ಲ.
ಬಚ್ಚಲ ನೀರು ಹೋಗುವಲ್ಲಿ ಎದ್ದ ಬಸಳೆ
ಅದೊಂದು ನನ್ನ ಮರ್ಯಾದೆ ಉಳಿಸಿತು.

ಕಂಕನಾಡಿ ಮಾರ್ಕೆಟಿನಲ್ಲಿ ಗುಳ್ಳ ತೂಗುತ್ತ
ಮೈಮುನಾ ಹೇಳಿದ್ದು:
ಸೆಣಬು ಹಾಕಿ ನೋಡಿ. ಎದೆಯೆತ್ತರ ಬರಲಿ.
ಮೊಗ್ಗು ಕಂಡ ದಿನ ಕಡಿದು ಮಣ್ಣಿಗೆ ಸೇರಿಸಿ.
ಹೂವಿನ ಆಸೆಗೆ ಬಿದ್ದಿರೋ, ದಂಟು ಹಗ್ಗವಾಗ್ತದೆ,
ಮಣ್ಣಿಗೆ ಜಗಿಯಲಿಕ್ಕೆ ಆಗುವುದಿಲ್ಲ.
ಹೇಳಿ, ಒಂದು ಗುಳ್ಳ ಹೆಚ್ಚಿಗೆ ಹಾಕಿದಳು.

ಮಳೆ ಹೊಡೆಯಿತು. ಗಿಡ ಬಾಗಿತು, ಎದ್ದಿತು, ಮತ್ತೆ ಬಾಗಿತು.
ನಡುವೆ ಒಂದನ್ನು ಕಿತ್ತು ನೋಡಿದೆ:
ಬೇರಿನ ತುಂಬ ಸಾಸಿವೆಯಂಥ ಗಂಟು.
ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು,
ಹಲ್ಲು ಬರುವ ಮಗುವಿನ ವಸಡು.

ಆಟಿಯ ಮೂರನೇ ದಿನ ಎರಡು ಕಡೆ ಹಳದಿ ಇಣುಕಿತು.
ಕತ್ತಿ ಹಿಡಿದು ಇಳಿದೆ.
ಬೇಲಿಯ ಮೇಲೆ ಅದೇ ಗಲ್ಲ:
ಇರಲಿ ಮಾರಾಯ್ತಿ, ಇನ್ನೆರಡು ದಿನ. ಚಂದ ಉಂಟು.
ನಾನು ಮಾತಾಡಲಿಲ್ಲ. ಅಡುಗೆಮನೆಯಿಂದ
ಇನ್ನೊಂದು ಕತ್ತಿ ತಂದು ಅವನ ಕೈಗೆ ಕೊಟ್ಟೆ.
ಗೊರಬೆ ಹೊತ್ತು ಇಬ್ಬರೂ ಬಗ್ಗಿ ಕಡಿದೆವು.
ಅವನ ಸಾಲಿನಲ್ಲಿ ಹಳದಿ ಇದ್ದ ಗಿಡಗಳ ಬಳಿ
ಕತ್ತಿ ಸ್ವಲ್ಪ ತಡೆದು ಬೀಳುತ್ತಿತ್ತು.

ಮಣ್ಣಿಗೆ ಸೇರಿ ಉಳಿದದ್ದನ್ನು ಮೂಲೆಯಲ್ಲಿ ರಾಶಿ ಹಾಕಿ
ಮೇಲೆ ಕೆಸರು ಮೆತ್ತಿದ್ದೆ.
ಐದನೇ ದಿನ, ಮಳೆ ಹೊಳವಾದಾಗ,
ಜುವಾಂವ್ ಬೇಲಿ ದಾಟಿ ಬಂದ.
ರಾಶಿಯ ಹೊಟ್ಟೆಗೆ ಮೊಣಕೈವರೆಗೆ ಕೈ ಹಾಕಿ
ಕಣ್ಣು ಮುಚ್ಚಿ ನಿಂತ.
ಹಿಂದೆ ಭಟ್ಟಿಯ ಗೋಡೆಗೆ ಅಂಗೈ ಒತ್ತಿ
ಹೀಗೆಯೇ ನಿಲ್ಲುತ್ತಿದ್ದ; ನಾವು ಹೆಂಗಸರು
ಹಲಗೆ ಇಳಿಸಿ ಅವನ ಬಾಯಿ ನೋಡುತ್ತಿದ್ದೆವು.
ಬಿಸಿ ಹಿಡಿದಿದೆ, ಅಂದ.
ಇನ್ನು ಹತ್ತು ದಿನ ಬೇಯಬೇಕು.
ಮುಟ್ಟಬೇಡಿ.

ಸೋಣ ತಿಂಗಳು. ಇವತ್ತು ಗುಳ್ಳದ ಸಸಿಗೆ ಗುಂಡಿ ತೋಡಿದೆ.
ಪಿಕ್ಕಾಸು ಠಣ್ ಅಂತು.
ಆದರೆ
ಸ್ವಲ್ಪ ಕೆಳಗೆ.